ಕರಾಚಿಯಿಂದ ಬಂದದ್ದೆಲ್ಲ ಪೆಟ್ಟಿಗೆಗೆ

ಚಿತ್ರದುರ್ಗದಂಥ ಊರಿನ ಪತ್ರಿಕೆಯೊಂದರಲ್ಲಿ ವಿದೇಶಿ ಸುದ್ದಿಗೆಂದೇ ಒಂದು ಮೇಜಿತ್ತೇ ಎಂದು ಈಗ ಪತ್ರಿಕೋದ್ಯಮ ಓದುತ್ತಿರುವ ಹುಡುಗಿಯರು ಕೇಳುತ್ತಾರೆ. ಇತ್ತು. ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದ, ಹಿಂದಿನ ಗೋಡೆಗೆ ಒರಗಿದ್ದ ಮೇಜು. ವೃತ್ತಿಜೀವನವನ್ನೆಲ್ಲ ಅದರ ಮುಂದೆ ಕಳೆದು, ಲೋಕದ ಜಗಳಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಮಾಡಿದೆ. ಆ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವೃತ್ತಿಯ ನೆನಪುಗಳನ್ನು ಬರೆಯುವ ಗಂಡಸರು ಇದನ್ನು ಬರೆಯುವುದಿಲ್ಲ. ನೇಮಕಪತ್ರವಿರಲಿಲ್ಲ, ಭವಿಷ್ಯನಿಧಿಯಿರಲಿಲ್ಲ. ಉಳ್ಳವರ ಮನೆಯ ಸಾವು ಭಾವಚಿತ್ರದೊಡನೆ ಪ್ರಕಟವಾಗುತ್ತಿತ್ತು. ಕೇರಿಯವರ ಸಾವು ಅಪಘಾತವಾದರೆ ಮಾತ್ರ ಸುದ್ದಿಯಾಗುತ್ತಿತ್ತು. ಕಾಲೇಜಿನಲ್ಲಿ ವರದಕ್ಷಿಣೆಯ ವಿರುದ್ಧ ಬೀದಿನಾಟಕ ಆಡಿದ್ದ, ಅಣುಬಾಂಬಿನ ವಿರುದ್ಧ ಗಾಂಧಿ ವೃತ್ತದವರೆಗೆ ಫಲಕ ಹಿಡಿದು ನಡೆದಿದ್ದ ನನಗೆ ಇವೆಲ್ಲ ಅನ್ಯಾಯಗಳೆಂದು ಮೊದಲ ವಾರವೇ ತಿಳಿದಿತ್ತು. ಹೇಳಿದೆ, ಬರೆದೆ, ಜಗಳವಾಡಿದೆ. ಆದರೂ ಆ ಮೇಜಿನ ಹಂಬಲ ಈಗಲೂ ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಎದ್ದೊಡನೆ ಬೆರಳುಗಳು ಸುದ್ದಿಯ ಸುರುಳಿಯನ್ನು ಹುಡುಕುತ್ತವೆ.

ಆರಂಭದಲ್ಲಿ ನಮಗೆ ಲೋಕವು ಸುರುಳಿಯಾಗಿಯೇ ಬರುತ್ತಿತ್ತು. ಟೆಲಿಪ್ರಿಂಟರ್ ಎಂಬ ದೂರಮುದ್ರಕ ಯಂತ್ರ ಕಟಕಟನೆ ಸದ್ದು ಮಾಡಿ ಕಾಗದವನ್ನು ಉಗುಳುತ್ತಿತ್ತು. ನಾನು ಅದನ್ನು ಅಳತೆಗೆ ಹರಿದು, ಇಂಗ್ಲಿಷಿನ ಸಾಲುಗಳ ಪಕ್ಕದಲ್ಲೇ ಕನ್ನಡ ಗೀಚಿ, ಅಕ್ಷರ ಜೋಡಿಸುವವರ ಕೈಗೆ ಕೊಡುತ್ತಿದ್ದೆ. ಚಿತ್ರಗಳನ್ನು ಅಚ್ಚು ಹಾಕಲು ಲೋಹದ ಬ್ಲಾಕುಗಳು ಬೇಕಿದ್ದವು. ಯುದ್ಧಕ್ಕೆಂದು ನಮ್ಮಲ್ಲಿದ್ದದ್ದು ಒಂದೇ ಬ್ಲಾಕು: ಧೂಳೆಬ್ಬಿಸಿ ಬರುವ ಒಂದು ಟ್ಯಾಂಕು. ಕೊಲ್ಲಿಯಲ್ಲಿ ಯುದ್ಧವಾದಾಗ ಅದೇ ಟ್ಯಾಂಕು, ಬಾಸ್ನಿಯಾದಲ್ಲಿ ಅದೇ ಟ್ಯಾಂಕು, ಚೆಚೆನ್ಯಾದಲ್ಲೂ ಅದೇ. ಒಂದು ಬೆಳಿಗ್ಗೆ ತುರುವನೂರಿನಿಂದ ಒಬ್ಬ ನಿವೃತ್ತ ಸೈನಿಕರು ಪತ್ರಿಕೆಯನ್ನು ಮಡಚಿ ಹಿಡಿದು ಬಂದರು.

"ಏನ್ರೀ ಮೇಡಂ, ಇದು ನಮ್ಮ ದೇಶದ ಟ್ಯಾಂಕು ಕಣ್ರಿ. ಇದರಾಗೆ ಕುಂತು ನಾನು ಬೆನ್ನು ಮುರ್ಕಂಡೀನಿ. ಇರಾಕಿನೋರಿಗೆ ಯಾವಾಗ ಮಾರಿದ್ರಿ?"

ಯಜಮಾನರು, ಎಂದರೆ ಪತ್ರಿಕೆಯ ಮಾಲೀಕರೂ ಸಂಪಾದಕರೂ ಆಗಿದ್ದವರು, ಒಳಗಿನಿಂದಲೇ ಕೂಗಿದರು: "ಮಾರಿಲ್ಲ ಕಣಪ್ಪ, ಬಾಡಿಗೆಗೆ ಕೊಟ್ಟೀವಿ. ಬಾ, ಚಾ ಕುಡಿ."

ನಕ್ಕೆವು. ಆದರೆ ಅಂದು ಕಲಿತದ್ದನ್ನು ನಾನು ಮರೆಯಲಿಲ್ಲ. ದೂರದ ಯುದ್ಧವನ್ನು ನಾವು ಯಾವಾಗಲೂ ಮನೆಯಲ್ಲಿ ಇರುವ ಚಿತ್ರದಲ್ಲೇ ನೋಡುತ್ತೇವೆ.

ಯಜಮಾನರು ಕೆಟ್ಟವರಲ್ಲ, ಲೆಕ್ಕಾಚಾರದವರು. ಅವರಿಗೆ ಹಿರಿಯೂರು ರಸ್ತೆಯಲ್ಲಿ ಎಣ್ಣೆ ಗಿರಣಿಯಿತ್ತು. ಲೋಕದ ಯಾವ ಮೂಲೆಯಲ್ಲಿ ಗುಂಡು ಹಾರಿದರೂ ಸೂರ್ಯಕಾಂತಿಯ ಧಾರಣೆ ಏನಾಗುತ್ತದೆಂದು ಮೊದಲು ಕೇಳುತ್ತಿದ್ದರು. ಕಂಪ್ಯೂಟರು ಬಂದು, ಜಗತ್ತಿನ ಎಲ್ಲ ಪತ್ರಿಕೆಗಳೂ ನನ್ನ ಮೇಜಿನ ಮೇಲೆ ತೆರೆದುಕೊಳ್ಳುವಂತಾದ ಮೇಲೆ ಅವರಿಗೊಂದು ಯೋಚನೆ ಹೊಳೆಯಿತು.

"ಮೇಡಮ್ಮೋರೆ, ಜನಕ್ಕೆ ನಗಾಕೆ ಏನಾದ್ರೂ ಬೇಕು. ಪಾಕಿಸ್ತಾನದ ಪೇಪರ್ನಾಗೆ ಬಂದಿದ್ದನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕ್ರಿ. ಮೇಲೆ 'ನೆರೆಮನೆ ಬುರುಡೆ' ಅಂತ ಬರೀರಿ."

ಸುತ್ತ ದಪ್ಪ ಗೆರೆ ಎಳೆದ ಸಣ್ಣ ಚೌಕವನ್ನು ನಮ್ಮ ಕಸುಬಿನಲ್ಲಿ ಪೆಟ್ಟಿಗೆ ಎನ್ನುತ್ತಾರೆ. ನಾನು ವಿರೋಧಿಸಿದೆ. ಒಂದು ದೇಶದ ಜನರೆಲ್ಲರ ಮಾತನ್ನೂ ಸುಳ್ಳೆಂದು ಮೊದಲೇ ತೀರ್ಮಾನಿಸುವುದು ಪತ್ರಿಕಾಧರ್ಮವಲ್ಲ, ದ್ವೇಷದ ವ್ಯಾಪಾರ ಎಂದೆ. "ವ್ಯಾಪಾರ ಅಂತ ಒಪ್ಕಂಡ್ರಲ್ಲ, ಸಾಕು" ಎಂದರು ಅವರು. ಪೆಟ್ಟಿಗೆ ಆರಂಭವಾಯಿತು. ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಓದುಗರು ಮೊದಲು ಅದನ್ನೇ ತೆರೆಯುತ್ತಿದ್ದರು. ಪುಟ ಜೋಡಿಸುವ ಮಂಜಣ್ಣನಿಗೆ ಅದು ಕೈಗೆ ಕೂತ ಪದ್ಧತಿಯಾಯಿತು: ಸುದ್ದಿಯ ತಲೆಯ ಮೇಲೆ ಕರಾಚಿ, ಲಾಹೋರ್ ಎಂದಿದ್ದರೆ ಓದುವ ಅಗತ್ಯವಿಲ್ಲ, ನೇರ ಪೆಟ್ಟಿಗೆಗೆ.

ಇದೇ ಕಾಲದಲ್ಲಿ ನನಗೆ ಸಮೀನಾಳ ಪರಿಚಯವಾಯಿತು. ಆಕೆ ಕರಾಚಿಯ ಒಂದು ಸಂಜೆಪತ್ರಿಕೆಯಲ್ಲಿ ನನ್ನದೇ ಕೆಲಸ ಮಾಡುತ್ತಿದ್ದಳು. ಎರಡೂ ದೇಶಗಳ ಪತ್ರಕರ್ತೆಯರು ಸೇರಿ ಕಟ್ಟಿಕೊಂಡಿದ್ದ ಒಂದು ಮಿಂಚಂಚೆ ಬಳಗದಲ್ಲಿ ಪರಿಚಯವಾಗಿ, ಕ್ರಮೇಣ ನಾವಿಬ್ಬರೇ ಬರೆದುಕೊಳ್ಳುವಂತಾಯಿತು. ಶನಿವಾರಗಳಂದು ಆಕೆ ತನ್ನ ಊರಿನ ಪತ್ರಿಕೆಗಳು ಲೋಕದ ಬಗ್ಗೆ ಏನು ಹೇಳಿದವೆಂದು ಬರೆಯುತ್ತಿದ್ದಳು, ನಾನು ನನ್ನ ಊರಿನದನ್ನು. ಜೊತೆಗೆ ಅಂದು ಏನು ಅಡುಗೆ, ಯಾರ ಮಂಡಿ ನೋವು, ಯಾವ ಮೇಲಧಿಕಾರಿ ಯಾರ ಬರಹ ಕತ್ತರಿಸಿದ. ಒಮ್ಮೆ ಆಕೆ ಬೆಂಗಳೂರಿನ ಒಂದು ಸಮಾವೇಶಕ್ಕೆ ಬರುವವಳಿದ್ದಳು. ದುರ್ಗದ ಕೋಟೆ ತೋರಿಸುತ್ತೇನೆಂದು ನಾನು ರಜೆ ಬರೆದಿದ್ದೆ. ವೀಸಾ ಸಿಗಲಿಲ್ಲ. ಇಬ್ಬರು ಮಧ್ಯವಯಸ್ಸಿನ ಹೆಂಗಸರು ಒಟ್ಟಿಗೆ ಕೋಟೆ ಹತ್ತುವುದರಿಂದ ಯಾವ ರಾಷ್ಟ್ರದ ಭದ್ರತೆ ಕುಸಿಯುತ್ತಿತ್ತೆಂದು ನನಗೆ ಇಂದಿಗೂ ಯಾರೂ ಹೇಳಿಲ್ಲ. ಆ ರಜೆಯ ದಿನ ನಾನೊಬ್ಬಳೇ ಹತ್ತಿದೆ. ಮೇಲೆ ನಿಂತು ಗಾಳಿಯಲ್ಲಿ ಫೋನು ಹಿಡಿದು, "ಇದೇ ನೋಡು" ಎಂದು ಧ್ವನಿ ಮುದ್ರಿಸಿ ಕಳುಹಿಸಿದೆ. ಗಾಳಿ ಮಾತ್ರ ಕೇಳಿಸಿತು ಎಂದು ಬರೆದಳು.

ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ನನ್ನ ನಿವೃತ್ತಿ ಹತ್ತಿರವಿತ್ತು. ಆ ದಿನ ಪಾಕಿಸ್ತಾನದ ಪ್ರಧಾನಿ ಮಾಸ್ಕೋದಲ್ಲಿದ್ದರು. ನಮ್ಮ ಪತ್ರಿಕೆಗಳಿಗೆ ಹಬ್ಬವಾಯಿತು. ಆಕ್ರಮಣಕಾರನ ಕೈ ಕುಲುಕಲು ಹೋದವರೆಂದು ಹಂಗಿಸಿದವು. ಕೆಲವು ವಾರಗಳಲ್ಲೇ ಭಾರತ ರಷ್ಯಾದ ತೈಲ ಕೊಳ್ಳುತ್ತಿದೆಯೆಂದು ಕರಾಚಿಯ ಪತ್ರಿಕೆಗಳು ಹಂಗಿಸಿದವು. ವಿಶ್ವಸಂಸ್ಥೆಯಲ್ಲಿ ದಾಳಿಯನ್ನು ಖಂಡಿಸುವ ಮತದ ಹೊತ್ತಿಗೆ ಎರಡೂ ದೇಶಗಳು ಮತ ಹಾಕದೆ ಕೂತವು. ಮರುದಿನ ನಮ್ಮ ಸಂಪಾದಕೀಯ ನಮ್ಮ ಮೌನವನ್ನು ಮುತ್ಸದ್ದಿತನವೆಂದಿತು, ಅವರದನ್ನು ಹೇಡಿತನವೆಂದಿತು. ಸಮೀನಾ ಕಳುಹಿಸಿದ ಸಂಪಾದಕೀಯದಲ್ಲಿ ದೇಶಗಳ ಹೆಸರು ಅದಲುಬದಲಾಗಿದ್ದವು, ಉಳಿದೆಲ್ಲ ಅದೇ. ನಗರಗಳು ಸುಡುತ್ತಿದ್ದವು, ಮಕ್ಕಳು ನೆಲಮಾಳಿಗೆಗಳಲ್ಲಿದ್ದರು. ನಾವಿಬ್ಬರು ನೆರೆಯವರು ಆ ಬೆಂಕಿಯ ಬೆಳಕಿನಲ್ಲಿ ಪರಸ್ಪರರ ಮುಖದ ಕಲೆಗಳನ್ನು ಎಣಿಸುತ್ತಿದ್ದೆವು. ಇದನ್ನು ನಾನು ಅನೀತಿಯೆಂದೇ ಕರೆಯುತ್ತೇನೆ. ಬೇರೆ ಮೃದುವಾದ ಪದ ನನಗೆ ಬೇಡ.

ಆ ವೇಳೆಗೆ ಶೋಭಾ ನಮ್ಮ ಕಚೇರಿಗೆ ಬಂದಳು. ಹಿರಿಯೂರಿನವಳು, ತೆಂಗಿನಕಾಯಿ ಮಂಡಿಯೊಂದರಲ್ಲಿ ಕಾಯಿ ವಿಂಗಡಿಸುವ ಕೆಲಸ. ಗಂಡ ಬಸವರಾಜ ಹೆದ್ದಾರಿಯ ಬದಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು, ಯಾರೋ ಏಜೆಂಟರ ಮೂಲಕ ವಿದೇಶಿ ಸರಕು ಹಡಗೊಂದರ ಎಂಜಿನ್ ಕೋಣೆಗೆ ಸೇರಿದ್ದ. ಯುದ್ಧ ಶುರುವಾದಾಗ ಹಡಗು ಉಕ್ರೇನಿನ ಬಂದರೊಂದರಲ್ಲಿ ಸಿಕ್ಕಿಬಿದ್ದಿತ್ತು.

"ಕುಂತ್ಕಳಮ್ಮ" ಎಂದೆ.

"ಕುಂತ್ಕಳಾಕೆ ಬಂದಿಲ್ಲಕ್ಕಾ. ಹೊರದೇಶದ ಸುದ್ದಿ ಬರಿಯೋರು ನೀವಂತೆ. ನಮ್ಮನೆಯೋರ ಹಡಗು ಏನಾತು, ಅಷ್ಟು ಹೇಳ್ರಿ."

ಆಕೆ ಹೆಸರು ಹೇಳಿದ ಹಡಗಿನ ಮೇಲೆ ಶೆಲ್ ಬಿದ್ದು ಒಬ್ಬ ನಾವಿಕ ಸತ್ತನೆಂಬ ಎರಡು ಸಾಲು ಸುದ್ದಿಸಂಸ್ಥೆಯಿಂದ ಬಂದಿದ್ದವು. ಸತ್ತವನ ಹೆಸರಿರಲಿಲ್ಲ, ದೇಶವಿರಲಿಲ್ಲ. ಅದನ್ನು ಮರೆಮಾಚದೆ ಹೇಳಿದೆ. ಶೋಭಾ ಅಳಲಿಲ್ಲ. ಗಂಡನ ಫೋನು ವಾರಗಳಿಂದ ಸತ್ತಿದೆ, ಏಜೆಂಟರು ಫೋನು ಎತ್ತುತ್ತಿಲ್ಲ ಎಂದಳು. ಬಿ.ದುರ್ಗದಲ್ಲಿರುವ ಗಂಡನ ಸೋದರಮಾವ ರುದ್ರಪ್ಪ ಮನೆಯ ಹಿರಿಯರು. ಮೈದುನನ ಮದುವೆ ಗೊತ್ತಾಗಿದೆ. ಮನೆಯಲ್ಲಿ ಸಾವೊಂದು ಇತ್ಯರ್ಥವಾಗದೆ ಉಳಿದರೆ ಮದುವೆ ನಡೆಸುವಂತಿಲ್ಲವೆಂದು, ಬರುವ ಸೋಮವಾರ ಬಸವರಾಜನ ಕಾರ್ಯ ಮಾಡಿ ಮುಗಿಸುವುದೆಂದು ತೀರ್ಮಾನಿಸಿದ್ದಾರೆ.

"ಬಳೆ ತೆಗಿ ಅಂತಾರಕ್ಕಾ. ಹೆಣ ಬಂದಿಲ್ಲ, ಸುದ್ದಿ ಬಂದಿಲ್ಲ, ಹೆಂಗೆ ತೆಗೀಲಿ?"

ಒಬ್ಬ ಗಂಡಸು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಗೆ ಒಬ್ಬ ಹೆಂಗಸಿನ ಮೈಮೇಲೆ ಉತ್ತರ ಬರೆಯುವ ಈ ಪದ್ಧತಿಯ ವಿರುದ್ಧ ನಾನು ವೇದಿಕೆಗಳಲ್ಲಿ ಎಷ್ಟೋ ಮಾತಾಡಿದ್ದೆ. ಆದರೆ ಅಂದು ಆ ಹುಡುಗಿಗೆ ಬೇಕಿದ್ದದ್ದು ಭಾಷಣವಲ್ಲ, ಒಂದೇ ಒಂದು ಸಾಲಿನ ಸುದ್ದಿ.

ನಮ್ಮ ದೇಶದ ಪತ್ರಿಕೆಗಳಲ್ಲಿ ಅದು ಇರಲಿಲ್ಲ. ಸಿಕ್ಕಿದ್ದು ಶುಕ್ರವಾರದ ಕರಾಚಿಯ ಪತ್ರಿಕೆಯಲ್ಲಿ. ಅದೇ ಹಡಗಿನ ಅಡುಗೆಯವನು ಇಕ್ಬಾಲ್ ಕರಾಚಿಯವನು. ಹಡಗು ಬಿಟ್ಟು ಬಂದರಿನ ನೆಲಮಾಳಿಗೆಯೊಂದರಲ್ಲಿ ಅಡಗಿದ್ದ ಆತ ಅಲ್ಲಿಂದ ಹೆಂಡತಿಗೆ ಫೋನು ಮಾಡಿದ್ದ. ಸತ್ತವನು ಸಿರಿಯಾದ ಹುಡುಗ. ತನ್ನೊಡನೆ ಇರುವ ಭಾರತೀಯರಲ್ಲಿ ಕರ್ನಾಟಕದ ಎಂಜಿನ್ ಕೆಲಸಗಾರನೊಬ್ಬನಿಗೆ ಕಾಲಿಗೆ ಪೆಟ್ಟಾಗಿದೆ, ಹೆಸರು ಬಸವರಾಜ್, ಬದುಕಿದ್ದಾನೆ ಎಂದಿದ್ದ. ನಾನು ಕೂಡಲೇ ಶೋಭಾಳಿಗೆ ಫೋನು ಮಾಡಿದೆ. ಆಕೆಯ ಕೈಯಿಂದ ಫೋನನ್ನು, ಮನೆಗೆ ಬಂದಿದ್ದ ರುದ್ರಪ್ಪ ತೆಗೆದುಕೊಂಡರು.

"ಮೇಡಂ, ಫೋನ್ನಾಗೆ ಯಾರು ಏನ್ ಬೇಕಾದ್ರೂ ಹೇಳ್ತಾರೆ. ನಾಕು ಜನಕ್ಕೆ ತೋರಿಸಾಕೆ ಬೇಕಲ್ರೀ. ಪೇಪರ್ನಾಗೆ ಹಾಕ್ರಿ, ನಂಬ್ತೀವಿ. ಸೋಮವಾರದ್ದು ನಿಲ್ಲಿಸ್ತೀವಿ."

ನ್ಯಾಯವಾದ ಮಾತು ಅನ್ನಿಸಿತು. ಮುಖಪುಟದ ಜಿಲ್ಲೆಯ ಅಂಕಣಕ್ಕೆಂದು ಬರೆದೆ: ಹಿರಿಯೂರಿನ ನಾವಿಕ ಸುರಕ್ಷಿತ. ಸುದ್ದಿಯ ಮೂಲವನ್ನು ಮುಚ್ಚಿಡುವುದು ನನ್ನ ಪದ್ಧತಿಯಲ್ಲ. ತಲೆಯ ಮೇಲೆ ಕರಾಚಿ ಎಂದು ನಮೂದಿಸಿ ಮನೆಗೆ ಹೋದೆ.

ಬೆಳಿಗ್ಗೆ ಮುಖಪುಟದಲ್ಲಿ ಅದಿರಲಿಲ್ಲ. ಒಳಗೆ, ದಪ್ಪ ಗೆರೆಯ ಚೌಕದಲ್ಲಿ, 'ನೆರೆಮನೆ ಬುರುಡೆ'ಯ ಅಡಿಯಲ್ಲಿತ್ತು. ಅದರ ಕೆಳಗೆ ಕನ್ನಡಿ ನೋಡಿಕೊಂಡು ಕೂಗುವ ಒಂದು ಮೇಕೆಯ ಸುದ್ದಿ.

ಮಂಜಣ್ಣ ಕಂಗಾಲಾಗಿದ್ದ. "ಅಕ್ಕಾ, ಕರಾಚಿ ಅಂತಿತ್ತಲ್ಲ, ಪೆಟ್ಟಿಗೆಗೆ ಇಟ್ಟೆ. ಯಾವತ್ತೂ ಅಲ್ಲಿಗೇ ಅಲ್ವಾ ಇಡೋದು? ಓದ್ಲಿಲ್ಲಕ್ಕಾ. ಓದಿದ್ರೆ ಇಡ್ತಿದ್ನಾ?"

ಅವನನ್ನು ಬೈದು ಪ್ರಯೋಜನವಿರಲಿಲ್ಲ. ಕೈಗೆ ಕಲಿಸಿದ್ದನ್ನು ಕೈ ಮಾಡಿತ್ತು. ಓದುಗರ ಕಣ್ಣಿಗೂ ನಾವು ಅದನ್ನೇ ಕಲಿಸಿದ್ದೆವು. ಸ್ವಲ್ಪ ಹೊತ್ತಿಗೆ ರುದ್ರಪ್ಪನ ಫೋನು ಬಂತು.

"ಏನ್ರೀ, ಸತ್ತ ಹುಡುಗನ ಮ್ಯಾಲೆ ತಮಾಷೆ ಮಾಡೀರಲ್ಲ. ಮ್ಯಾಲೆ ಬುರುಡೆ ಅಂತ ನೀವೇ ಬರ್ದೀರಿ, ಕೆಳಗೆ ಮೇಕೆ ಹಾಕೀರಿ, ನಡುವೆ ನಮ್ಮ ಬಸವರಾಜ. ಮಂಡೀನಾಗೆ ಜನ ಓದಿ ನಗ್ತಾ ಅವ್ರೆ. ಆ ಹುಡುಗಿ ಮುಖ ಎತ್ತಂಗಿಲ್ಲ. ಸಾಕು ಬಿಡ್ರಿ, ಸೋಮವಾರ ನಡೀತೈತೆ."

ನಾನು ಯಜಮಾನರ ಕೋಣೆಗೆ ಹೋದೆ. ನಾಳೆಯೇ ಮುಖಪುಟದಲ್ಲಿ ತಿದ್ದುಪಡಿ ಬರಬೇಕು, ಇದು ಒಂದು ಜೀವದ ಪ್ರಶ್ನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬುರುಡೆ ಅಂತ ಹೇಳಿದ್ದನ್ನ ನಿಜ ಅಂತ ಹೆಂಗೆ ಹೇಳಾಣ ಮೇಡಂ? ಹಂಗಾದ್ರೆ ಇಷ್ಟು ವರ್ಷ ಹಾಕಿದ್ದರಾಗೆ ನಿಜ ಯಾವ್ದು, ಬುರುಡೆ ಯಾವ್ದು ಅಂತ ಕೇಳ್ತಾರೆ. ಏನ್ ಹೇಳ್ತೀರಿ?"

"ನಿಜವೂ ಇತ್ತು ಎಂದು ಹೇಳೋಣ."

"ಅದೊಂದು ಆಗಲ್ಲ."

ಎಷ್ಟೋ ಜನ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಮ್ಮ ತಪ್ಪಿನ ಆಳವನ್ನು ಇಷ್ಟು ಸ್ಪಷ್ಟವಾಗಿ ಅರಿತು ಇಷ್ಟು ಶಾಂತವಾಗಿ ನಿರಾಕರಿಸಿದವರು ಇವರೊಬ್ಬರೇ.

ಉಳಿದದ್ದು ಸಮೀನಾ. ಎಲ್ಲವನ್ನೂ ಬರೆದೆ. ಧ್ವನಿ ಬೇಕು, ಆತನದೇ ಧ್ವನಿ, ಸೋಮವಾರದೊಳಗೆ ಎಂದೆ. ಆಕೆ ರಜೆಯ ದಿನ ಬಸ್ಸು ಹಿಡಿದು ಊರಿನ ಇನ್ನೊಂದು ತುದಿಯಲ್ಲಿದ್ದ ಇಕ್ಬಾಲನ ಮನೆ ಹುಡುಕಿದಳು. ಇಕ್ಬಾಲನ ಹೆಂಡತಿ ಮೊದಲು ಬಾಗಿಲು ತೆರೆಯಲಿಲ್ಲವಂತೆ. ಭಾರತದ ಯಾರಿಗೋ ಸಹಾಯ ಮಾಡಿದಳೆಂದು ನಾಳೆ ಯಾರು ಬಂದು ಏನು ಕೇಳುವರೋ ಎಂಬ ಭಯ. ಬಾಗಿಲ ಹೊರಗೆ ನಿಂತೇ ಸಮೀನಾ ಬಳೆಯ ವಿಷಯ ಹೇಳಿದಳು. ಬಾಗಿಲು ತೆರೆಯಿತು. ಮುಂದಿನ ಬಾರಿ ಗಂಡ ಕರೆ ಮಾಡಿದಾಗ ಆತನ ಪಕ್ಕದಲ್ಲಿದ್ದ ಬಸವರಾಜನನ್ನು ಮಾತಾಡಿಸಿ, ಅದನ್ನು ಮುದ್ರಿಸಿ ಆಕೆ ಸಮೀನಾಳಿಗೆ ಕೊಟ್ಟಳು. ಧ್ವನಿಯ ಜೊತೆಗೆ ಸಮೀನಾ ಒಂದು ಸಾಲು ಬರೆದಿದ್ದಳು: ನಮ್ಮ ಪತ್ರಿಕೆಯಲ್ಲೂ ಅಂಥದೇ ಪೆಟ್ಟಿಗೆಯಿದೆ, ನಿನಗೆ ಹೇಳಲು ಇಷ್ಟು ವರ್ಷ ನಾಚಿಕೆಯಾಗುತ್ತಿತ್ತು.

ಸೋಮವಾರ ಹಿರಿಯೂರಿಗೆ ಬಸ್ಸು ಹತ್ತಿದೆ. ಶೋಭಾಳ ಮನೆಯ ಮುಂದೆ ಚಾಪೆ ಹಾಸಿತ್ತು. ನೆಂಟರು ಕೂತಿದ್ದರು, ಕಾರ್ಯ ನಡೆಸಲು ಬಂದ ಅಯ್ಯನವರು ಗಳಿಗೆ ನೋಡುತ್ತಿದ್ದರು. ಶೋಭಾ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕೂತಿದ್ದಳು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು "ಹಟ ಮಾಡಬ್ಯಾಡ ಕಣವ್ವ, ಎಲ್ಲಾರೂ ಮಾಡಿದ್ದೇ" ಎನ್ನುತ್ತಿದ್ದಳು.

"ಬರ್ರಿ ಮೇಡಂ" ಎಂದರು ರುದ್ರಪ್ಪ, ಆದರ ಬಿಡದೆ. "ಇನ್ನೇನು ಬುರುಡೆ ತಂದೀರಿ?"

ನಾನು ಫೋನು ಅವರ ಮುಂದೆ ಹಿಡಿದೆ.

"ಶೋಭಾ, ನಾನು ಕಣೇ" ಎಂದಿತು ಫೋನು. "ನನ್ನ ಫೋನು ಹಡಗಿನಾಗೇ ಹೋತು, ನಿನ್ನ ನಂಬರು ನೆನಪಿಲ್ಲ. ಕಾಲಿಗೆ ಏಟು ಬಿದ್ದೈತೆ, ನಡಿಯಾಕಾಗಲ್ಲ. ಇಕ್ಬಾಲಣ್ಣ ಹೊತ್ಕಂಡು ಕೆಳಗೆ ತಂದ. ಅವನೇ ರೊಟ್ಟಿ ಹಾಕ್ತಾನೆ. ಮೈದಾದ್ದು, ಬಾಯಿಗೆ ಅಂಟ್ಕಂತೈತೆ. ಮಾವಗೆ ಹೇಳು, ಆ ಲಾರಿ ಗೇರ್‌ಬಾಕ್ಸ್ ನಾನು ಬರಾಗಂಟ ಬಿಚ್ಚಬ್ಯಾಡ ಅಂತ. ಬಿಚ್ಚಿದ್ರೆ ಜೋಡಿಸಾಕೆ ಅವನ ಕೈಲಿ ಆಗಲ್ಲ." ಹಿಂದಿನಿಂದ ಬೇರೊಂದು ಗಂಡುದನಿ ನಗುತ್ತ, ಭಾಬಿಗೆ ನನ್ನ ಸಲಾಂ ಹೇಳು ಎಂದಿತು.

ರುದ್ರಪ್ಪ ಫೋನಿನತ್ತ ಬಾಗಿದರು. "ಬಿಚ್ಚಿಬಿಟ್ಟೀನಲ್ಲೋ ಲೇ..." ಎಂದರು ಫೋನಿಗೆ. "ಎಲ್ಲಾ ಮೂಟೆ ಕಟ್ಟಿ ಇಟ್ಟೀನಲ್ಲೋ, ಬಾರೋ ಬೇಗ..." ಆಮೇಲೆ ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡರು. ಅಯ್ಯನವರು ಸದ್ದಿಲ್ಲದೆ ಎದ್ದು ಚಪ್ಪಲಿ ಹುಡುಕಿದರು. ಶೋಭಾ ಸೆರಗಿನಿಂದ ಕೈ ಹೊರತೆಗೆದು ಫೋನು ಇಸಿದುಕೊಂಡಳು. ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ಕೊನೆಯ ಆ ನಗುವಿನವರೆಗೆ.

ಬಸವರಾಜ ಬಂದ. ಉಕ್ರೇನಿನ ಗಡಿಯವರೆಗೆ ಎಲ್ಲರೂ ಒಟ್ಟಿಗೇ ಬಂದಿದ್ದರಂತೆ; ಅಲ್ಲಿ ಪಾಸ್‌ಪೋರ್ಟಿನ ಬಣ್ಣಕ್ಕೆ ತಕ್ಕಂತೆ ಒಂದೊಂದು ದೇಶದವರಿಗೆ ಬೇರೆ ಬೇರೆ ಬಸ್ಸುಗಳು. ಭಾರತೀಯರ ಬಸ್ಸು ಮೊದಲು ಬಂತು. ಇಕ್ಬಾಲ್ ಅವನನ್ನು ಹೊತ್ತು ಸೀಟಿನಲ್ಲಿ ಕೂರಿಸಿ, ನಮ್ಮದು ಹಿಂದೆಯೇ ಬರುತ್ತೆ ಎಂದು ಇಳಿದ. ಇಲ್ಲಿಗೆ ಬಸವರಾಜನ ಕತೆ ಮುಗಿಯುತ್ತದೆ, ಇಕ್ಬಾಲನದು ಮುಗಿದಿಲ್ಲ. ಕೆಲವು ವಾರಗಳ ನಂತರ ಸಮೀನಾ ಬರೆದಳು: ಇಕ್ಬಾಲನ ಮನೆಗೆ ಯಾವ ಸುದ್ದಿಯೂ ಬಂದಿಲ್ಲ, ನಿಮ್ಮ ಪತ್ರಿಕೆಗಳಲ್ಲಿ ಏನಾದರೂ ಇದೆಯೇ? ನಾನು ಎಲ್ಲವನ್ನೂ ಜಾಲಾಡಿದೆ. ಇರಲಿಲ್ಲ. ಅಷ್ಟರಲ್ಲಿ ಆಕೆಯ ಪತ್ರಿಕೆ ವಿದೇಶಿ ಪುಟವನ್ನು ಮುಚ್ಚಿತು. ಆಕೆಯ ಕಚೇರಿಯ ವಿಳಾಸಕ್ಕೇ ನಾನು ಕಳಿಸುತ್ತಿದ್ದ ಮಿಂಚಂಚೆಗಳು ಅಂಥ ವಿಳಾಸವಿಲ್ಲವೆಂದು ಮರಳತೊಡಗಿದವು. ನಾನು ನಿವೃತ್ತಳಾದೆ. ಈಚೆಗೆ ಎರಡು ದೇಶಗಳ ನಡುವೆ ಮತ್ತೆ ಬಿಸಿಯೇರಿದ ಮೇಲೆ ಆ ಕಡೆಯ ಎಷ್ಟೋ ಪತ್ರಿಕೆಗಳ ಜಾಲಪುಟಗಳು ಇಲ್ಲಿ ತೆರೆಯುವುದೇ ಇಲ್ಲ.

ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳಬಹುದಾದದ್ದು ಇಷ್ಟೇ: ನೆರೆಯವರ ಪತ್ರಿಕೆಯನ್ನು ಓದಿ. ಅವರಲ್ಲೂ ಸುಳ್ಳು ಬರೆಯುವವರಿದ್ದಾರೆ, ನಮ್ಮಷ್ಟೇ. ಆದರೆ ನಿಮ್ಮೂರಿನ ಯಾರದೋ ಗಂಡ ಬದುಕಿರುವ ಸುದ್ದಿ ಅಲ್ಲಿರಬಹುದು. ತೆರೆಯುವ ಪುಟಗಳನ್ನು ನಾನು ಈಗಲೂ ಬೆಳಿಗ್ಗೆ ಓದುತ್ತೇನೆ. ಯುದ್ಧ ಇನ್ನೂ ನಿಂತಿಲ್ಲ. ಯಾರ ಮೌನ ದೊಡ್ಡದೆಂದು ಎರಡೂ ಕಡೆಯವರು ಇನ್ನೂ ವಾದಿಸುತ್ತಿದ್ದಾರೆ. ನಾನು ಹುಡುಕುವುದು ಒಬ್ಬ ಅಡುಗೆಯವನ ಹೆಸರನ್ನು, ಮತ್ತು ಅದನ್ನು ಬರೆದಿರಬಹುದಾದ ಒಬ್ಬ ಗೆಳತಿಯ ಹೆಸರನ್ನು.

ಬಸವರಾಜ ಕುಂಟುತ್ತಲೇ ಹೆದ್ದಾರಿಯ ಬದಿಯಲ್ಲಿ ಮತ್ತೆ ರಿಪೇರಿ ಅಂಗಡಿ ಇಟ್ಟಿದ್ದಾನೆ. ಊಟಕ್ಕೆ ಕೂತಾಗಲೆಲ್ಲ ಇಕ್ಬಾಲಣ್ಣನ ಸುದ್ದಿ ಕೇಳು ಎನ್ನುತ್ತಾನಂತೆ. ಹಾಗಾಗಿ ಶೋಭಾ ಫೋನು ಮಾಡುತ್ತಾಳೆ.

"ಅಕ್ಕಾ, ಏನಾದ್ರೂ ಬಂತಾ?"

"ಇಲ್ಲಮ್ಮ."

ಕಳೆದ ಸಲ ಆಕೆ ಫೋನು ಇಡಲಿಲ್ಲ. ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುತ್ತಿತ್ತು.

"ಇಕ್ಬಾಲಣ್ಣನ ಹೆಂಡ್ತಿಗೂ ಈಗ ಯಾರಾದ್ರೂ ಬಳೆ ತೆಗಿ ಅಂತಿರ್ತಾರಾ ಅಕ್ಕಾ?" ಎಂದಳು. "ನಮ್ಮನೆಯೋರ ದನಿ ಅವ್ಳು ಕಳಿಸಿದ್ಲು. ಅವ್ಳಿಗೆ ನಾವು ಏನ್ ಕಳಿಸಾಣ?"